ಬಿಳಿ ಎಳೆಯ ಮರಿ

ಮರಿಗಳ ಮೈಬಣ್ಣ ಹುಂಜ, ಹೇಂಟೆಯಿಂದ ಬರುತ್ತದೆ. ಜುಟ್ಟಿನ ಬಣ್ಣ ಕಾವಿಗಿಟ್ಟ ಮೊಟ್ಟೆ ಹೊರಳಿಸಿದವರ ತಲೆಗೂದಲಿನಿಂದ. ಕೋಳಿ ಪ್ರದರ್ಶನಕ್ಕೆ ಕರಿಜುಟ್ಟೇ ಬೇಕಿತ್ತು. ಅದಕ್ಕೇ ಗುರುಬಸವ್ವ ಈ ಸಲ ಮೊಟ್ಟೆಗಳನ್ನೆಲ್ಲ ತಾನೊಬ್ಬಳೇ ಹೊರಳಿಸಿದ್ದಳು. ಕಪ್ಪು ಹುಂಜಕ್ಕೆ ಚುಕ್ಕೆಬಿಳಿ ಹೇಂಟೆ ಕೂಡಿಸಿದ್ದರಿಂದ ಏಳೂ ಮರಿಗಳು ಅಂದುಕೊಂಡಂತೆ ಬೂದಿನೀಲಿಯಾದವು. ಒಂದರ ಕರಿಜುಟ್ಟಿನಲ್ಲಿ ಮಾತ್ರ ಒಂದು ಬಿಳಿ ಎಳೆ.

"ಅತ್ತಿ, ಬ್ಯಾಡಂದ್ರೂ ಮೊಟ್ಟಿ ಮುಟ್ಟೀರಲ್ಲ!"

ತಲೆಯೆಲ್ಲ ನೆರೆತ ಅತ್ತೆ ಸೊಸೆಯನ್ನು ಬಿಸಿಲಿಗೆ ಕೂರಿಸಿ, ಹೇನು ನೋಡುವಂತೆ ಕೂದಲು ಬಿಡಿಸಿದಳು.

"ನಾ ಮುಟ್ಟಿದ್ರ ಇಡೀ ಜುಟ್ಟು ಬೆಳ್ಳಗಾಗ್ತಿತ್ತವ್ವ. ನಿನ್ನ ಕಿವಿ ಹಿಂದ ಒಂದು ಬಿಳಿಕೂದ್ಲ ಬಂದೈತಿ ನೋಡು. ಕೀಳ್ಲೇನು?"

ಗುರುಬಸವ್ವ ಆ ಮರಿಯನ್ನು ಮಡಿಲಿಗೆ ಎಳೆದುಕೊಂಡಳು.

"ಬ್ಯಾಡ್ರಿ, ಇರ್ಲಿ. ಮುಂದಿನ ಸಲ ನೀವೂ ಹೊರಳಸಾಕ ಬರ್ರಿ."