ನರಿ ಮುಖದ ಫೋಟೋ

ಒಡೆದ ಗಾಜು ತೆಗೆದು ಫೋಟೋವನ್ನು ಬೆಳಕಿಗೆ ಹಿಡಿದಾಗಲೇ ಗೋಪೀನಾಥನಿಗೆ ಅನುಮಾನ ಬಂದದ್ದು. ಬಸವೇಶ್ವರನಗರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು.

"ಅಮ್ಮಾ, ಈ ನರಿ ಕಾಲಡಿ ಬೆಳ್ಳಗಿದೆಯಲ್ಲ, ಏನದು?"

"ಸುಣ್ಣ ಬಳಿದ ನೆಲ ಇರ್ಬೇಕು ಕಣಪ್ಪ," ಎಂದರು ಫೋಟೋ ತಂದಿದ್ದ ಶಿವಗಂಗಮ್ಮ. "ಬೇಗ ಕಟ್ಟು ಹಾಕ್ಕೊಡು. ನಾಳೆ ಮೆಸ್ ಓಪನಿಂಗು. ಎದ್ದ ತಕ್ಷಣ ಇದರ ಮುಖಾನೇ ನೋಡ್ಬೇಕು ನಾನು."

"ಸುಣ್ಣ ಅಲ್ಲಮ್ಮ, ಹಿಮ! ಇದು ಯಾವುದೋ ಫಾರಿನ್ ನರಿ."

ಶಿವಗಂಗಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಖುಲಾಯಿಸುತ್ತದೆ ಎಂದು ಫುಟ್‌ಪಾತಿನಲ್ಲಿ ಕೊಂಡ ಫೋಟೋ ಅದು. ಮಂಚದೆದುರು ತೂಗುಹಾಕಿ ದಿನವೂ ನೋಡಿದ್ದೇ ನೋಡಿದ್ದು. ಆರ್‌ಪಿಸಿ ಲೇಔಟಿನ ಹಳೇ ಮೆಸ್ಸು ಮಾತ್ರ ವರ್ಷ ತುಂಬುವುದರೊಳಗೆ ಮುಚ್ಚಿತ್ತು. ಈ ಸಲವೂ ಕೈ ಹತ್ತದಿದ್ದರೆ ಮತ್ತೆ ಒಲೆ ಹಚ್ಚುವ ಧೈರ್ಯ ಅವರಿಗಿಲ್ಲ.

"ಅದಕ್ಕೇ ಮತ್ತೆ! ಕನ್ನಡವೇ ಬರದ ನರಿ ನನಗೇನು ಒಳ್ಳೇದು ಮಾಡೀತು? ನಮ್ಮ ಕಡೆ ನರೀದು ಹುಡುಕೋ ಗೋಪಿ."

ಗೋಪೀನಾಥನಿಗೂ ಕುತೂಹಲ ಕೆರಳಿತು. ಇಂಥ ಎಷ್ಟೋ ಫೋಟೋಗಳಿಗೆ ಕಟ್ಟು ಹಾಕಿದ್ದ ಪುಣ್ಯಾತ್ಮ ಹುಟ್ಟಿದಾಗಿನಿಂದ ಒಂದು ನರಿಯನ್ನೂ ಕಂಡವನಲ್ಲ. ಮೊಬೈಲಿನಲ್ಲಿ ಹುಡುಕಿ ಒಂದನ್ನು ತೋರಿಸಿದರೆ ಅದು ತೋಳವೆಂದರು. ಇನ್ನೊಂದಕ್ಕೆ, ನಮ್ಮ ಬೀದಿ ನಾಯಿಯೇ ಇದಕ್ಕಿಂತ ಲಕ್ಷಣವಾಗಿದೆ ಎಂದರು.

"ಅಲ್ಲಮ್ಮ, ನೀವು ನಿಜವಾಗ್ಲೂ ನರಿ ನೋಡಿದೀರಾ?"

"ನೋಡ್ದೆ ಏನು? ಈಗ ರಾಜರಾಜೇಶ್ವರಿನಗರದಲ್ಲಿ ಅಪಾರ್ಟ್‌ಮೆಂಟು ಎದ್ದಿವೆಯಲ್ಲ, ಅಲ್ಲೇ ನಮ್ಮ ರಾಗಿ ಹೊಲ ಇದ್ದಿದ್ದು. ಹೊತ್ತು ಮುಳುಗ್ತಿದ್ದ ಹಾಗೇ ಊಳಿಡೋವು. ಕೇಳಿಸೋದೇ ಹೊರತು ಕಣ್ಣಿಗೆ ಬೀಳ್ತಿರಲಿಲ್ಲ. ಕೋಳಿ ಹೊತ್ಕೊಂಡು ಹೋಗ್ತವೆ ಅಂತ ನಮ್ಮಪ್ಪ ಒಂದಿನ ಕೋಳಿ ಕರುಳಿಗೆ ವಿಷ ಸವರಿ ಬದು ಮೇಲಿಟ್ಟು ಬಂದ್ರು. ಬೆಳಿಗ್ಗೆ ಅಲ್ಲೇ ಒಂದು ಸತ್ತು ಬಿದ್ದಿತ್ತು."

"ಅಯ್ಯೋ ಪಾಪ. ಆಮೇಲೆ?"

"ಆಮೇಲೇನು, ಊರಿಗೂರೇ ಬಂತು. ನರಿ ಮುಖ ಅಲ್ವಾ, ಒಳ್ಳೇದಾಗ್ಲಿ ಅಂತ ಮುಖ ತೊಳ್ಕೊಂಡು ಬಂದು ಒಬ್ಬೊಬ್ಬರೇ ನೋಡ್ಕೊಂಡು ಹೋದ್ರು. ನನ್ನನ್ನೂ ಅಪ್ಪ ಎತ್ಕೊಂಡು ತೋರಿಸಿದ್ರು. ಅವರು ವಿಷ ಇಡೋದು ಬಿಡ್ಲಿಲ್ಲ. ಆ ಬೇಸಿಗೆ ಮುಗಿಯೋ ಹೊತ್ತಿಗೆ ಊಳು ಕೇಳೋದೇ ನಿಂತುಹೋಯ್ತು."

ಗೋಪೀನಾಥನಿಗೆ ಒಂಥರಾ ಕಸಿವಿಸಿಯಾಯಿತು. ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೆ ಒಂದು ಚಿತ್ರ ಸಿಕ್ಕಿತು. ಒಣಹುಲ್ಲಿನ ನಡುವೆ, ಮಣ್ಣಿನ ಬಣ್ಣದ ನರಿಯೊಂದು ಕಿವಿ ನಿಮಿರಿಸಿ ನೇರವಾಗಿ ನೋಡುತ್ತಿತ್ತು. ದೊಡ್ಡದು ಮಾಡಿ ಕೊಟ್ಟ.

ಶಿವಗಂಗಮ್ಮ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದೇ ಮುಖ ಕಣೋ. ಕಣ್ಣು ಬಿಟ್ಟಿರೋದನ್ನ ಇವತ್ತೇ ನೋಡಿದ್ದು."

"ಹಾಗಾದ್ರೆ ಇದನ್ನೇ ಪ್ರಿಂಟ್ ಹಾಕಿ ಕಟ್ಟು ಹಾಕ್ಲಾ ಅಮ್ಮ? ಸಾಯಂಕಾಲಕ್ಕೆ ಕೊಡ್ತೀನಿ."

ಅವರು ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲಿಟ್ಟರು.

"ಬೇಡಪ್ಪ, ಆ ಹಿಮದ್ದಕ್ಕೇ ಹಾಕು. ಅದಕ್ಕೆ ನನ್ನ ಗುರುತಿಲ್ಲ."