ಕಲ್ಮಠದ ತಗ್ಗು ಬಾಗಿಲು

ವಿಭೂತಿಯ ವಾಸನೆ ಬಂದರೆ ಈಗಲೂ ನನಗೆ ಮಲ್ಲಿಪಟ್ಟಣದ ಹತ್ತಿರದ ಹಳೇ ಕಲ್ಮಠದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹೊರಗೆ ಸುಡುಬಿಸಿಲು, ಒಳಗೆ ದಪ್ಪ ಕಲ್ಲುಗೋಡೆಗಳ ತಂಪು. ನುಣುಪಾದ ಕಂಬಕ್ಕೆ ಕೆನ್ನೆಯೊತ್ತಿ ನಾನು ಅಜ್ಜಿಯ ಪಕ್ಕ ಕೂತಿದ್ದೆ. ಜಮೀನು ಪಾಲಾದ ಮೇಲೆ ಅಪ್ಪನೂ ಚಿಕ್ಕಪ್ಪನೂ ಮಾತು ಬಿಟ್ಟಿದ್ದರು. ಅವತ್ತು ತಾತನ ಹೆಸರಿನ ಪೂಜೆಗೆ ಬಂದವರು ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದರು.

"ಈ ಬಾಗ್ಲಾಗೆ ಎಂಥೋರಾದ್ರೂ ಬಗ್ಗೇ ಓಗ್ಬೇಕು ಕಣವ್ವ. ಅದ್ಕೇ ಇಷ್ಟು ತಗ್ಗಾಗಿ ಮಡಗವ್ರೆ" ಎಂದಳು ಅಜ್ಜಿ.

ಪೂಜೆ ಮುಗಿದದ್ದೇ ಅಪ್ಪ ಬಗ್ಗುವುದನ್ನೂ ಮರೆತು ಬಿರಬಿರನೆ ಹೊರಟರು. ಹಿಂದಿದ್ದ ಚಿಕ್ಕಪ್ಪ ತಟ್ಟನೆ ಬಾಗಿಲ ಮೇಲಿನ ಕಲ್ಲಿಗೆ ಅಂಗೈ ಅಡ್ಡ ಕೊಟ್ಟರು. ಅಪ್ಪನ ತಲೆ ಆ ಕೈಗೆ ಬಡಿಯಿತು.

ಅಪ್ಪ ತಿರುಗಿ, ಆ ಕೈಯನ್ನು ಹಿಡಿದುಕೊಂಡರು. "ನೋಯ್ತೇನ್ಲಾ?"

"ಇಲ್ಲ ಬುಡಣ್ಣ" ಎಂದರು ಚಿಕ್ಕಪ್ಪ. ಬೆರಳ ಗೆಣ್ಣಿನಿಂದ ರಕ್ತ ಜಿನುಗುತ್ತಿತ್ತು.