ಎರಡು ಗಂಟೆಯ ರಿಪೇರಿ

ಪೀಂ, ಪೀಂ, ಪೀಂ. ಮೂರು ಸಲ ಕೂಗಿ ಕಂಪ್ಯೂಟರ್ ಸುಮ್ಮನಾಯಿತು. ಪರದೆ ಕಪ್ಪಗೇ ಇತ್ತು. ಕಿಟ್ಟುವಿನ ಗಮನ ಮಾತ್ರ ಪಕ್ಕದ ಸ್ಟೂಲಿನ ಮೇಲಿತ್ತು. ಜುಜುಬಿ ರಿಪೇರಿಗೆ ಬಂದವನಿಗೆ ಅವಲಕ್ಕಿ ಒಗ್ಗರಣೆ, ಬಾಳೆಹಣ್ಣಿನ ಹಲ್ವ, ಮೇಲೆ ಬಿಸಿ ಕಾಫಿ! ಇದರಲ್ಲೇನೋ ಮಸಲತ್ತು ಇದೆ ಎನ್ನಿಸಿತು ಅವನಿಗೆ.

ಮನೆ ಭಾಗಮಂಡಲದ ನಿವೃತ್ತ ಮೇಷ್ಟ್ರು ವಿಷ್ಣುಪ್ರಸಾದರದು. ಮಗಳು ಸಂಹಿತಾ ಹೊಸ ಮೆಮೊರಿ ತರಿಸಿ ತಾನೇ ಹಾಕಿದ್ದಳಂತೆ. ಆವತ್ತಿನಿಂದ ಕಂಪ್ಯೂಟರ್ ಆನ್ ಆಗುತ್ತಿಲ್ಲವಂತೆ. ಮಡಿಕೇರಿಯ ಪರಮೇಶಪ್ಪನವರ ಅಂಗಡಿಗೆ ಫೋನು ಮಾಡಿ, “ಕಿಟ್ಟು ಅವರನ್ನೇ ಕಳಿಸಿ” ಎಂದಿದ್ದಳು. ಹೆಸರು ಹಿಡಿದು! ಕಿಟ್ಟುವಿನ ತಲೆ ಬಸ್ಸಿನಲ್ಲೇ ಓಡತೊಡಗಿತ್ತು. ಹೋದ ವಾರವಷ್ಟೇ ಅಮ್ಮ ಅವನ ಜಾತಕವನ್ನು ಭಾಗಮಂಡಲದ ಕಡೆಯ ಯಾರಿಗೋ ಕೊಟ್ಟಿದ್ದಳು.

ಅವನಿಗೆ ಮೂವತ್ತೇಳು. ಹೆಣ್ಣು ನೋಡಲು ಹನ್ನೊಂದು ಮನೆಗೆ ಹೋಗಿ, ಹನ್ನೊಂದು ಕಡೆಯೂ ಉಪ್ಪಿಟ್ಟು ತಿಂದು ಬರಿಗೈಯಲ್ಲಿ ಬಂದವನು. ಈಗ ಕಾಲವೇ ತಿರುಗಾಮುರುಗಾ. ಹೆಣ್ಣಿನ ಕಡೆಯವರೇ ಏನಾದರೊಂದು ನೆಪ ಹೂಡಿ ಗಂಡನ್ನು ಗುಟ್ಟಾಗಿ ನೋಡಿಬಿಡುತ್ತಾರೆ. ಸಾಲದ್ದಕ್ಕೆ ಪರಮೇಶಪ್ಪನವರು ಈ ತಿಂಗಳ ಕೊನೆಗೆ ಅಂಗಡಿ ಮುಚ್ಚುವವರಿದ್ದರು. ಕೆಲಸವಿದ್ದಾಗಲೇ ಹೆಣ್ಣು ಕೊಡದವರು ಕೆಲಸ ಹೋದ ಮೇಲೆ ಕೊಡುತ್ತಾರೆಯೇ? ಉಳಿದದ್ದು ಹದಿನೆಂಟೇ ದಿನ. ಅಷ್ಟರೊಳಗೆ ಯಾರಾದರೂ ಹೂಂ ಅನ್ನಬೇಕಿತ್ತು.

ಕಿಟ್ಟು ಪೆಟ್ಟಿಗೆಯ ಮುಚ್ಚಳ ತೆಗೆದ. ಹೊಸ ಮೆಮೊರಿ ಪಟ್ಟಿ ಕಿತ್ತು, ಹಳೆಯದೊಂದನ್ನೇ ಬಿಟ್ಟು ಆನ್ ಮಾಡಿದ. ಪರದೆ ಬೆಳಗಿತು. ಅಂದರೆ ದೋಷ ಹೊಸದರಲ್ಲೇ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಚಿಕ್ಕದೊಂದು ಪಾರದರ್ಶಕ ಟೇಪು.

ಟೇಪು ತಾನಾಗಿ ಬಂದು ಕೂರುತ್ತದೆಯೇ? ಬೇಕೆಂದೇ ಅಂಟಿಸಿದ್ದಾರೆ. ಇದು ಪರೀಕ್ಷೆ. ಅಬ್ಬಾ, ಹನ್ನೆರಡನೆಯ ಸಂಬಂಧ ತಾನಾಗಿಯೇ ಬಸ್ ಚಾರ್ಜು ಕೊಟ್ಟು ಕರೆಸಿಕೊಂಡಿದೆ!

ಕೆಲಸ ಶುರುಮಾಡಿ ಒಂಬತ್ತೇ ನಿಮಿಷವಾಗಿತ್ತು. ತಲೆ ನೆಟ್ಟಗಿದ್ದವನು ಟೇಪು ಕಿತ್ತು, ಪಟ್ಟಿ ಹಾಕಿ, ಮುಂದಿನ ಬಸ್ಸು ಹಿಡಿಯುತ್ತಿದ್ದ. ಆದರೆ ಒಂಬತ್ತು ನಿಮಿಷದಲ್ಲಿ ಎದ್ದುಹೋಗುವ ಅಳಿಯನನ್ನು ಯಾರು ಮೆಚ್ಚುತ್ತಾರೆ? ಅಪ್ಪನ ಎದುರು ಹುಡುಗಿಯ ಕಿತಾಪತಿ ಬಯಲು ಮಾಡುವುದೂ ಸರಿಯಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತನಗೆ ತಾನೇ ಉಪದೇಶ ಮಾಡಿಕೊಂಡು, ಪಟ್ಟಿಯನ್ನು ಟೇಪಿನ ಸಮೇತ ಮೊದಲಿದ್ದಲ್ಲೇ ಕೂರಿಸಿದ.

“ಸಿಕ್ತಾ?” ಸಂಹಿತಾ ಬಂದು ನಿಂತಳು. ಕೈಯಲ್ಲೊಂದು ಪುಟ್ಟ ನೋಟ್‌ಬುಕ್ಕು.

“ಇದೆಲ್ಲ ಅಷ್ಟು ಬೇಗ ಸಿಗೂದಲ್ಲ ಮೇಡಂ. ಬುಡದಿಂದ ನೋಡ್ಬೇಕು.”

ಅವಳು ಗಡಿಯಾರ ನೋಡಿ ಏನೋ ಬರೆದುಕೊಂಡಳು. ರಾಹುಕಾಲ ಲೆಕ್ಕ ಹಾಕುತ್ತಿರಬೇಕು, ಸಂಸ್ಕಾರವಂತೆ ಎಂದುಕೊಂಡ ಕಿಟ್ಟು. ಫ್ಯಾನು ಬಿಚ್ಚಿ ಬ್ರಷ್ಷಿನಿಂದ ತಿಕ್ಕಿದ. ಇದ್ದ ಕೇಬಲ್ಲನ್ನೆಲ್ಲ ಕಿತ್ತು, ಕಿತ್ತದ್ದನ್ನೆಲ್ಲ ಮತ್ತೆ ಚುಚ್ಚಿದ. ಆಗಾಗ ಹಣೆ ಉಜ್ಜಿಕೊಂಡು “ಛೆ, ಛೆ” ಎಂದ.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. “ಕುಡಿಯೂದು ಗಿಡಿಯೂದು ಉಂಟಾ?”

“ಕಾಫಿ ಒಂದೇ, ಮೇಷ್ಟ್ರೇ.”

“ಈ ಭಾಗಮಂಡಲದಲ್ಲೇ ಇರ್ಬೇಕಾಗಿ ಬಂದ್ರೆ? ನಮ್ಮ ಮಳೆ ಗೊತ್ತುಂಟಲ್ಲ?”

“ಮಳೆ ಅಂದ್ರೆ ನಂಗೆ ಪ್ರಾಣ.” ಜೂನ್ ಬಂತೆಂದರೆ ಕಾಲ್ಬೆರಳ ಸಂದಿಗೆ ಪೌಡರು ಸುರಿದುಕೊಂಡು ಮಳೆಗೆ ಹಿಡಿಶಾಪ ಹಾಕುವವನು ಹೀಗೆ ಹೇಳಿದ. ಮನೆಯಳಿಯತನವೇ ಆದರೂ ಅಡ್ಡಿಯಿಲ್ಲ ಎಂದು ಒಳಗೊಳಗೇ ಒಪ್ಪಿಯೂ ಆಗಿತ್ತು.

“ಪರಮೇಶಪ್ಪನವರ ಅಂಗಡಿ ಬಿಡೂ ಯೋಚನೆ ಏನಾದ್ರೂ ಉಂಟಾ?” ಸಂಹಿತಾ ಕೇಳಿದಳು.

ಬಂತಲ್ಲಪ್ಪ ಗ್ರಹಚಾರ! ಕಿಟ್ಟು ಎದೆ ಉಬ್ಬಿಸಿದ. “ಬಿಡೂದಾ? ಒಳ್ಳೇ ಕಥೆ! ಅಂಗಡಿ ಈಗ ಭಾರೀ ಜೋರು. ನನ್ನನ್ನ ಪಾಲುದಾರ ಮಾಡ್ತೇನೆ ಅಂತ ಅವ್ರೇ ಹೇಳಿದ್ದಾರೆ. ಇನ್ನು ಇಪ್ಪತ್ತು ವರ್ಷ ನಾನು ಅಲ್ಲಿಂದ ಅಲ್ಲಾಡುವವನಲ್ಲ.”

ಅಪ್ಪ ಮಗಳ ಮುಖ ನೋಡಿದರು, ಮಗಳು ಅಪ್ಪನ ಮುಖ ನೋಡಿದಳು. ಬಿತ್ತು ಗಾಳಕ್ಕೆ ಎಂದು ಕಿಟ್ಟು ಬೀಗಿದ.

ಎರಡು ಗಂಟೆ ತುಂಬುವ ಹೊತ್ತಿಗೆ ಅವನು ಅತ್ತಿತ್ತ ನೋಡಿ ಟೇಪು ಕಿತ್ತು ಜೇಬಿಗಿಳಿಸಿ, ಪಟ್ಟಿಯನ್ನು ಟಕ್ಕೆಂದು ಕೂರಿಸಿದ. ಕಂಪ್ಯೂಟರ್ ಸಲೀಸಾಗಿ ಶುರುವಾಯಿತು.

“ಬಹಳ ಸೂಕ್ಷ್ಮ ದೋಷ ಮೇಡಂ. ಬೇರೆಯವರಾದ್ರೆ ಮದರ್‌ಬೋರ್ಡೇ ಹೋಯ್ತು ಅಂತಿದ್ರು.”

“ಟೇಪ್ ಎಲ್ಲಿ?” ಎಂದಳು ಸಂಹಿತಾ.

ಕಿಟ್ಟುವಿನ ಕಿವಿ ಕೆಂಪಾಯಿತು. ಇನ್ನು ಮುಚ್ಚಿಡುವುದೇನು! ಜಗತ್ತಿನ ನಾಚಿಕೆಯನ್ನೆಲ್ಲ ಮುಖಕ್ಕೆ ತಂದುಕೊಂಡು ಹೇಳಿದ: “ಒಂಬತ್ತೇ ನಿಮಿಷಕ್ಕೆ ಸಿಕ್ಕಿತ್ತು. ಪರೀಕ್ಷೆ ಅಂತಾನೂ ಗೊತ್ತಾಯ್ತು. ಇನ್ನೂ ಸ್ವಲ್ಪ ಹೊತ್ತು ಇರುವ ಅಂತ... ಏನೇ ಇದ್ರೂ ನಮ್ಮ ಅಮ್ಮನಿಗೆ ಒಂದು ಫೋನ್ ಮಾಡಿ ಹೇಳಿಬಿಡಿ.”

“ಅಮ್ಮನಿಗೆ ಯಾಕೆ?” ಸಂಹಿತಾ ನೋಟ್‌ಬುಕ್ಕು ಮುಚ್ಚಿದಳು. “ಮುಂದಿನ ತಿಂಗಳು ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ನಾನು ರಿಪೇರಿ ಅಂಗಡಿ ತೆಗೀತಿದ್ದೇನೆ. ‘ನಾನು ಮುಚ್ತಿದ್ದೇನೆ, ನಮ್ಮ ಕಿಟ್ಟು ಕೆಲಸ ಇಲ್ಲದೆ ಕೂರ್ತಾನೆ, ಅವನನ್ನ ನೀವು ಸೇರಿಸ್ಕೊಳ್ಳಿ’ ಅಂತ ಪರಮೇಶಪ್ಪನವರೇ ಕೇಳ್ಕೊಂಡ್ರು. ಸಿಕ್ತಾ ಅಂದಾಗ್ಲೋ, ಅಂಗಡಿ ವಿಷಯ ಕೇಳಿದಾಗ್ಲೋ ನೀವು ಒಂದಕ್ಕಾದ್ರೂ ನಿಜ ಹೇಳಿದ್ರೆ ಒಂದನೇ ತಾರೀಕಿಂದ ಬನ್ನಿ ಅಂತಿದ್ದೆ.”